ಕ್ಯಾಲೆಂಡರಿನ ಹಿಂಬದಿಯಲ್ಲಿ ಕಲಿತ ಕ್ಲಾಸ್ ಡಯಾಗ್ರಾಂ

ಚಿಕ್ಕಮಗಳೂರಿನ ಆಲ್ದೂರು ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟವಿದೆ. ಕೊಯ್ಲಿನ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಬರುತ್ತಿತ್ತು. ಚಿತ್ರ ಬರೆದು ಯೋಚಿಸುವ ಅಭ್ಯಾಸ ಮಾತ್ರ ಇರಲಿಲ್ಲ. ನೇರ ಕೋಡ್‌ಗೆ ಕೂತೆ.

ಕಾಫಿ ಅಂತ ಒಂದು ಕ್ಲಾಸ್, ಅಂದರೆ ಕೋಡ್‌ನಲ್ಲಿ ಒಂದು ಬಗೆಯ ವಸ್ತುವಿಗೆ ಮಾಡುವ ಅಚ್ಚು. ಅದರ ಕೆಳಗೆ ಅರೇಬಿಕಾ, ರೋಬಸ್ಟಾ. ಅರೇಬಿಕಾ ಕೆಳಗೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ರೋಬಸ್ಟಾ ಕೆಳಗೆ ಚೆರಿ (ಹಣ್ಣು ಸಮೇತ ಒಣಗಿಸಿದ್ದು). ತೋಟದಲ್ಲಿ ನಾನು ಕಂಡಿದ್ದೇ ಹಾಗೆ. ಕೆಲಸ ಅರ್ಧ ಮುಗಿದ ಮೇಲೆ ಒಂದು ಸಂಜೆ ದೊಡ್ಡಪ್ಪನಿಗೆ ವಿವರಿಸಲು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದನ್ನೇ ಚೌಕ ಹಾಕಿ ಬರೆದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಅಲ್ಲ ಕಣಮ್ಮ, ರೋಬಸ್ಟಾನೂ ಪಲ್ಪರ್‌ಗೆ ಹಾಕಿ ಪಾರ್ಚ್‌ಮೆಂಟ್ ಮಾಡ್ತಾರಲ್ಲ? ಅರೇಬಿಕಾನ ಹಣ್ಣು ಸಮೇತ ಒಣಗಿಸಿದ್ರೆ ಅದೂ ಚೆರಿನೇ. ಇದ್ರಲ್ಲಿ ಅದೆಲ್ಲಿದೆ?"

ಎಲ್ಲೂ ಇರಲಿಲ್ಲ. ಮಾರುಕಟ್ಟೆಯಲ್ಲಿ 50 ಕೆಜಿ ಮೂಟೆಗೆ ಈ ನಾಲ್ಕಕ್ಕೂ ಬೇರೆ ಬೇರೆ ರೇಟು. ತಳಿ ಅನ್ನೋದು ಗಿಡದ ವಿಷಯ, ಪಾರ್ಚ್‌ಮೆಂಟೋ ಚೆರಿಯೋ ಅನ್ನೋದು ಕೊಯ್ದ ಮೇಲೆ ನಾವು ಮಾಡುವ ಕೆಲಸ. ಎರಡನ್ನೂ ಒಂದೇ ವಂಶವೃಕ್ಷಕ್ಕೆ ತುರುಕಿದ್ದೆ. ಆಮೇಲೆ 'ಲಾಟ್' (ಒಟ್ಟಿಗೆ ಲೆಕ್ಕ ಇಡುವ ಒಂದು ರಾಶಿ ಕಾಫಿ) ಅಂತ ಒಂದು ಚೌಕ ಹಾಕಿ, ಅಲ್ಲಿಂದ ತಳಿಗೊಂದು ಗೆರೆ, ಸಂಸ್ಕರಣೆಗೊಂದು ಗೆರೆ ಎಳೆದೆ. ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನ ಕೆಳಗೆ ಇನ್ನೊಂದನ್ನು ತರುವ ಆ ವಂಶವೃಕ್ಷ, ಬೇಕಾಗಲೇ ಇಲ್ಲ. ಒಂದು ಸಾಲು ಕೋಡ್ ಓದಲು ಬಾರದವರು ನನ್ನ ಡಿಸೈನಿನ ತಪ್ಪು ಹಿಡಿದಿದ್ದರು. ಸಾಫ್ಟ್‌ವೇರಿನ ಡಿಸೈನನ್ನು ಚಿತ್ರದಲ್ಲಿ ಬರೆಯಲು ಯುಎಂಎಲ್ ಅಂತ ಎಲ್ಲರೂ ಒಪ್ಪಿದ ಗುರುತುಗಳ ಭಾಷೆ ಇದೆ. ಅವತ್ತೇ ಅದನ್ನು ಸರಿಯಾಗಿ ಕಲಿಯಬೇಕು ಅಂತ ತೀರ್ಮಾನಿಸಿದೆ.

ಸ್ವಂತ ಗುರುತುಗಳು ಸಾಕಲ್ವಾ ಅಂತ ಮೊದಲು ಅನಿಸಿತ್ತು. ಹದಿನೈದು ದಿನ ಬಿಟ್ಟು ನೋಡಿದರೆ ದಪ್ಪ ಬಾಣ ಯಾಕೆ ಹಾಕಿದ್ದೆ ಅಂತ ನನಗೇ ನೆನಪಿಲ್ಲ. ಸಾಫ್ಟ್‌ವೇರ್ ಡಿಸೈನಿನ ದೊಡ್ಡ ಹೆಸರುಗಳಿಗೂ ಗುರುತಿನ ತೊಂದರೆ ಇತ್ತು, ಒಬ್ಬೊಬ್ಬರದು ಒಂದೊಂದು. 1990ರ ದಶಕದ ಶುರುವಿನಲ್ಲಿ ಗ್ರೇಡಿ ಬೂಚ್ ಕ್ಲಾಸನ್ನು ಮೋಡದ ಆಕಾರದಲ್ಲಿ ಬರೆಯುತ್ತಿದ್ದರು, ಜೇಮ್ಸ್ ರಂಬಾ ಚೌಕದಲ್ಲಿ. ಅವರಿಬ್ಬರೂ ಇವಾರ್ ಯಾಕೊಬ್ಸನ್ ಜೊತೆ ಸೇರಿ ಒಂದೇ ಭಾಷೆ ಮಾಡಿದರು, ಅದೇ ಯುಎಂಎಲ್. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನದಂಡ ರೂಪಿಸುವ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಈಗ ಅದರಲ್ಲಿ 14 ಬಗೆಯ ಚಿತ್ರಗಳಿವೆ. ನಾನು ಕಲಿತದ್ದು ಕ್ಲಾಸ್ (ಏನೇನಿದೆ, ಹೇಗೆ ಜೋಡಿಸಿದೆ), ಸೀಕ್ವೆನ್ಸ್ (ಯಾವುದರ ನಂತರ ಯಾವುದು ನಡೆಯುತ್ತದೆ), ಸ್ಟೇಟ್ (ಒಂದು ವಸ್ತು ಯಾವ ಯಾವ ಸ್ಥಿತಿ ದಾಟುತ್ತದೆ), ಈ ಮೂರೇ. ಹೊಸಬರು ಎಲ್ಲದಕ್ಕೂ ಕೈ ಹಾಕುವುದು ಬೇಡ ಅಂತಲೇ ನನ್ನ ಅಭಿಪ್ರಾಯ.

ಜಾಸ್ತಿ ಸಮಯ ತಿಂದದ್ದು, ಎರಡು ಕ್ಲಾಸ್ ಜೋಡಿಸುವ ಗೆರೆಯ ತುದಿಯಲ್ಲಿ ಹಾಕುವ ವಜ್ರದ ಆಕಾರದ ಗುರುತು. ಕಪ್ಪು ತುಂಬಿದ ವಜ್ರ ಇದ್ದರೆ ಇಡಿಯಾದದ್ದು ಹೋದಾಗ ಅದರ ಭಾಗಗಳೂ ಹೋಗುತ್ತವೆ. ಖಾಲಿ ವಜ್ರ ಇದ್ದರೆ ಭಾಗಗಳು ಉಳಿಯುತ್ತವೆ. ಮೇಸ್ತ್ರಿಯ ಗುಂಪಿಗೂ ಆಳುಗಳಿಗೂ ನಡುವೆ ನಾನು ಕಪ್ಪು ವಜ್ರ ಹಾಕಿ, ಕೋಡನ್ನೂ ಹಾಗೇ ಬರೆದಿದ್ದೆ. ಪರೀಕ್ಷೆಗೆ ಅಂತ ಒಂದು ಗುಂಪು ಅಳಿಸಿದೆ. ಆಳುಗಳ ಹೆಸರು, ಕೊಟ್ಟ ಮುಂಗಡ, ಎಲ್ಲ ಅಳಿಸಿಹೋಯಿತು. ನಿಜವಾದ ಲೆಕ್ಕ ಆಗಿದ್ದರೆ ಬಡವರ ಕೂಲಿಯ ಗತಿ ಏನು? ವಜ್ರ ಖಾಲಿ ಮಾಡಿದೆ, ಕೋಡೂ ಬದಲಾಯಿತು. ಆ ಪುಟ್ಟ ಗುರುತಿನ ಬೆಲೆ ಆವತ್ತು ತಿಳಿಯಿತು.

ಈಗಲೂ ಮೊದಲು ಪೆನ್ಸಿಲ್ಲು, ಕಾಗದ. ನಿಕ್ಕಿಯಾದ ಮೇಲೆ, ಬರೆದ ಸಾಲುಗಳನ್ನೇ ಚಿತ್ರ ಮಾಡಿಕೊಡುವ ಪ್ಲಾಂಟ್‌ಯುಎಂಎಲ್‌ನಲ್ಲಿ ಟೈಪ್ ಮಾಡಿ ಕೋಡ್ ಜೊತೆಗೇ ಇಡುತ್ತೇನೆ.

ಕೊನೆಗೆ ಲಾಟಿನ ಸ್ಟೇಟ್ ಡಯಾಗ್ರಾಂ ಬರೆದೆ. ಕೊಯ್ದದ್ದು, ಕಣದಲ್ಲಿ, ಮೂಟೆಯಲ್ಲಿ, ಮಾರಾಟ. ಬಾಣಗಳೆಲ್ಲ ಮುಂದಕ್ಕೇ. ದೊಡ್ಡಪ್ಪ ಪೆನ್ಸಿಲ್ ಇಸ್ಕೊಂಡರು. "ಮೂಟೆ ಕಟ್ಟಿದ ಮೇಲೂ ತೇವ ಇದೆ ಅಂತ ಗೊತ್ತಾದ್ರೆ ಬಿಚ್ಚಿ ಮತ್ತೆ ಹರಡಬೇಕಲ್ಲಮ್ಮ" ಅಂತ ಹೇಳಿ, ಮೂಟೆಯಿಂದ ಕಣಕ್ಕೆ ಹಿಂದಕ್ಕೊಂದು ಬಾಣ ತಾವೇ ಎಳೆದರು. ಮಾರನೆಯ ದಿನ ಆ ಬಾಣಕ್ಕೆ ನಾನೊಂದು ಮೆಥಡ್, ಅಂದರೆ ಆ ಕೆಲಸ ಮಾಡುವ ಕೋಡಿನ ತುಂಡು, ಬರೆದೆ.