1983ರ ನಂಬರ್ ಒನ್‌ಗಳೆಲ್ಲ ನನ್ನ ಕಪಾಟಿಗೆ ಬಂದದ್ದು ಹೇಗೆ

ನಂಬರ್ ಒನ್ ಹಾಡಿನ ರೆಕಾರ್ಡ್‌ನಷ್ಟು ಅಗ್ಗದ ರೆಕಾರ್ಡ್ ಇನ್ನೊಂದಿಲ್ಲ. ಇದನ್ನು ನಾನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೇನೆ, ನಮ್ಮ ಸಂಗ್ರಹಕಾರ ಗೆಳೆಯರು ನಗುತ್ತಾ ಬಂದಿದ್ದಾರೆ. ಅವರೆಲ್ಲ ಸಿಗದ ರೆಕಾರ್ಡ್ ಹಿಂದೆ ಬಿದ್ದವರು. ಐನೂರೇ ಪ್ರತಿ ಒತ್ತಿದ್ದು, ಕವರ್ ತಪ್ಪಾಗಿ ಅಚ್ಚಾಗಿದ್ದು, ಇಂಥವೇ ಬೇಕು ಅವರಿಗೆ. ನಾನು ಉಲ್ಟಾ ಹೋದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಹಾಕುವ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 1983ನೇ ಇಸವಿಯಲ್ಲಿ ಮೊದಲ ಜಾಗದಲ್ಲಿ ಕೂತ ಅಷ್ಟೂ ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್), ಅಷ್ಟೂ ಆಲ್ಬಂ (ಹಲವು ಹಾಡುಗಳ ದೊಡ್ಡ ರೆಕಾರ್ಡ್, ಅಂದರೆ ಎಲ್‌ಪಿ) ಒಟ್ಟು ಮಾಡುತ್ತೇನೆ ಅಂದೆ. "ಯಾರ್ ಕೇಳ್ತಾರೆ ಸಾರ್ ಅದನ್ನ, ಎಲ್ಲಾ ಫೋನಲ್ಲೇ ಸಿಗುತ್ತಲ್ಲ" ಅಂದರು. ಈಗ ಎಲ್ಲವೂ ಕಪಾಟಿನಲ್ಲಿದೆ. 17 ಸಿಂಗಲ್, 6 ಆಲ್ಬಂ.

ಆ ವರ್ಷವೇ ಯಾಕೆ ಅಂದರೆ, ಪಟ್ಟಿ ಚಿಕ್ಕದು. 1974, 75ಕ್ಕೆ ಕೈ ಹಾಕಿದರೆ ಸಿಂಗಲ್‌ಗಳೇ ಮೂವತ್ತೈದರ ಆಸುಪಾಸು. ಆಗ ವಾರಕ್ಕೊಂದು ಹಾಡು ಮೇಲೆ ಹೋಗಿ ಇಳಿಯುತ್ತಿತ್ತು. 1983ರಲ್ಲಿ ಕೂತವರು ಏಳಲೇ ಇಲ್ಲ. ದಿ ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್' ಎಂಟು ವಾರ, ಮೈಕಲ್ ಜಾಕ್ಸನ್‌ನ 'ಬಿಲ್ಲಿ ಜೀನ್' ಏಳು ವಾರ, ಐರೀನ್ ಕಾರಾಳ 'ಫ್ಲ್ಯಾಶ್‌ಡ್ಯಾನ್ಸ್' ಆರು ವಾರ. ಈ ಮೂರರಲ್ಲೇ ಹತ್ತಿರಹತ್ತಿರ ಐದು ತಿಂಗಳು ಮುಗಿಯಿತು. ಆಲ್ಬಂ ಕಡೆ ಇನ್ನೂ ಮಜಾ. ಜಾಕ್ಸನ್‌ನ 'ಥ್ರಿಲ್ಲರ್' ಮತ್ತು ಪೊಲೀಸ್ ತಂಡದ 'ಸಿಂಕ್ರೊನಿಸಿಟಿ' ಎರಡೇ ಸೇರಿ 39 ವಾರ ನುಂಗಿದವು. ಪಟ್ಟಿಗೆ ಶನಿವಾರದ ತಾರೀಕು ಹಾಕುತ್ತಿದ್ದರು. 1983 ಶುರುವಾಗಿದ್ದೇ ಶನಿವಾರ, ಹಾಗಾಗಿ ಆ ವರ್ಷಕ್ಕೆ 52 ಅಲ್ಲ, 53 ಪಟ್ಟಿ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಂಡಿದ್ದೆ. ಮನೆಯವಳು ಮೊದಲು ಹಾಲಿನ ಲೆಕ್ಕ ಅಂದುಕೊಂಡಿದ್ದಳು.

ನಿಯಮ ಮೂರೇ. ಸಿಂಗಲ್ ಅಮೆರಿಕದಲ್ಲೇ ಒತ್ತಿದ್ದಾಗಿರಬೇಕು, ಯಾಕೆಂದರೆ ನಂಬರ್ ಒನ್ ಆಗಿದ್ದು ಅಲ್ಲಿ. ಅಂಗಡಿಯಲ್ಲಿ ಮಾರಿದ ಪ್ರತಿಯೇ ಬೇಕು, ರೇಡಿಯೊದವರಿಗೆ ಪುಕ್ಕಟೆ ಹಂಚಿದ್ದು ನಡೆಯುವುದಿಲ್ಲ. ಆಲ್ಬಂಗೆ ಮಾತ್ರ ಯಾವ ದೇಶದ್ದಾದರೂ ಸರಿ. ಈ ಕೊನೆಯ ಸಡಿಲಿಕೆ ಸುಮ್ನೆ ಅಲ್ಲ. ನನ್ನ 'ಥ್ರಿಲ್ಲರ್' ಸಿಬಿಎಸ್ ಕಂಪನಿಯವರು ಇಂಡಿಯಾದಲ್ಲೇ ಒತ್ತಿದ್ದು. ಚಿಕ್ಕಪೇಟೆ ಕಡೆ ಭಾನುವಾರ ರಸ್ತೆ ಬದಿ ಹಳೆ ಸಾಮಾನು ಹರಡುತ್ತಾರಲ್ಲ, ಅಲ್ಲಿ ಮಿಕ್ಸಿ ಜಾರುಗಳ ನಡುವೆ ಇತ್ತು. ಮುನ್ನೂರು ಹೇಳಿದ, ಇನ್ನೂರೈವತ್ತಕ್ಕೆ ಬಂತು. ಅದನ್ನು ಬಿಟ್ಟು ಅಮೆರಿಕದ್ದು ತರಿಸುವಷ್ಟು ಹುಚ್ಚು ನನಗಿಲ್ಲ.

ಈಗ ದುಡ್ಡಿನ ವಿಷಯ. ಈ ಸಿಂಗಲ್‌ಗಳು ಅಲ್ಲಿ ಒಂದು, ಎರಡು, ಹೆಚ್ಚೆಂದರೆ ಮೂರು ಡಾಲರ್. ಲಕ್ಷಗಟ್ಟಲೆ ಒತ್ತಿದ ಮಾಲು, ಡಬ್ಬಗಳಲ್ಲಿ ತುಂಬಿಟ್ಟಿರುತ್ತಾರೆ. ಆದರೆ ಎರಡು ಡಾಲರ್‌ನ ತಟ್ಟೆಯನ್ನು ಬೆಂಗಳೂರಿಗೆ ಕಳಿಸೋಕೆ ಇಪ್ಪತ್ತು ಡಾಲರ್ ಕೇಳುತ್ತಾರೆ. ಹಸುಗಿಂತ ಹಗ್ಗ ದುಬಾರಿ ಅಂದ ಹಾಗೆ. ಮೊದಮೊದಲು ಬಿಡಿಬಿಡಿಯಾಗಿ ತರಿಸಿದ ನಾಲ್ಕೈದಕ್ಕೇ ಎಂಟು ಸಾವಿರದ ಮೇಲೆ ಹೋಯಿತು.

ಆಮೇಲೆ ಒಟ್ಟಿಗೆ ಮಾರುವ ಒಂದು ಲಾಟ್ ತಗೊಂಡು ನೋಡಿದೆ. ಹಳೆ ಜೂಕ್‌ಬಾಕ್ಸ್‌ನಿಂದ (ಕಾಸು ಹಾಕಿದರೆ ಹಾಡುವ ಯಂತ್ರ) ಇಳಿಸಿದ ಐವತ್ತು ಸಿಂಗಲ್, ಒಂದೇ ಪೆಟ್ಟಿಗೆ, ನನ್ನ ಪಟ್ಟಿಯ ಒಂಬತ್ತು ಅದರಲ್ಲಿವೆ ಅಂತ ಫೋಟೊ. ಪೆಟ್ಟಿಗೆ ಬಂತು. ಕಸ್ಟಮ್ಸ್ ಸುಂಕ ಹೆಚ್ಚುಕಮ್ಮಿ ಮಾಲಿನ ಬೆಲೆಯಷ್ಟೇ. ಬಿಚ್ಚಿದರೆ ಮೂರು ಒಡೆದಿವೆ. ಉಳಿದವು ಬೂದು ಬಣ್ಣಕ್ಕೆ ತಿರುಗಿವೆ. ಜೂಕ್‌ಬಾಕ್ಸ್‌ನ ಭಾರದ ಮುಳ್ಳು ಸಾವಿರಾರು ಸಲ ಉಜ್ಜಿದ್ದು ಅದು. ಜಾಕ್ಸನ್‌ನ 'ಬೀಟ್ ಇಟ್' ಹಾಕಿದರೆ ಎಣ್ಣೆಯಲ್ಲಿ ಸಾಸಿವೆ ಸಿಡಿಯೋ ಸದ್ದು, ಹಿಂದೆ ಎಲ್ಲೋ ಗಿಟಾರ್. ಎಡ್ಡಿ ವ್ಯಾನ್ ಹೇಲನ್ ನುಡಿಸಿದ ಸೋಲೊ ಅದು, ಪಾಪ. ಒಂಬತ್ತರಲ್ಲಿ ಕೇಳೋ ಹಾಗಿದ್ದದ್ದು ಎರಡು. ಗೆಳೆಯರಿಗೆ ಹಬ್ಬ. ಆ ಹಂತದಲ್ಲೇ ಹದಿನೈದು ಸಾವಿರದ ಹತ್ತಿರ ಕೈ ಬಿಟ್ಟಿತ್ತು.

ಕೊನೆಗೆ ಕೆಲಸ ಮಾಡಿದ್ದು ತುಂಬಾ ಸರಳ ದಾರಿ. ನಮ್ಮಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ದೇಶದೊಳಗೆ ಪುಸ್ತಕ, ರೆಕಾರ್ಡ್‌ಗಳಿಗೆ ಅಂತಲೇ ಅಂಚೆಯ ಕಡಿಮೆ ದರ ಇದೆ. ಒಬ್ಬನೇ ವ್ಯಾಪಾರಿಯಿಂದ ಎಂಟು-ಹತ್ತು ಒಟ್ಟಿಗೆ ತಗೊಂಡರೆ ಕಳಿಸೋ ಖರ್ಚು ಒಂದಕ್ಕೆ ಅರ್ಧ ಡಾಲರ್ ಬೀಳುತ್ತದೆ. ಎಲ್ಲ ಅವನ ಮನೆಗೆ. ಅವನು ಊರಿಗೆ ಬರುವಾಗ ಸೂಟ್‌ಕೇಸ್‌ಗೆ. "ಮಾಮ, ನನ್ನ ಬಟ್ಟೆ ಎಲ್ಲಿಡ್ಲಿ?" ಅಂತ ಗೊಣಗಿದ. ತೂಗಿ ನೋಡೋ ಅಂದೆ. ಒಂದು ಸಿಂಗಲ್ ಸುಮಾರು ನಲವತ್ತು ಗ್ರಾಂ. ಇಡೀ ವರ್ಷದ ನಂಬರ್ ಒನ್‌ಗಳು ಒಂದು ಕೆಜಿಯೂ ಇಲ್ಲ! ಆಮೇಲೆ ಅವನು ಬಾಯಿ ಬಿಡಲಿಲ್ಲ.

ಯಾವ ವ್ಯಾಪಾರಿ ಅಂತ ಕೇಳಬೇಡಿ. ಫೋಟೊ ನೋಡಿಯೇ ಸವೆದ ಪ್ರತಿಯನ್ನು ಹೇಗೆ ಬಿಡುತ್ತೇನೆ ಅನ್ನುವುದನ್ನೂ ಪೂರ್ತಿ ಹೇಳುವುದಿಲ್ಲ. ನಡುವಿನ ತೂತಿನ ಸುತ್ತ ಲೇಬಲ್ ಮೇಲಿನ ಗುರುತು ನೋಡಿ, ಇಷ್ಟು ಸಾಕು.

ಯಾವ ಹಾಡು ಯಾರ ಮನೆಯಲ್ಲಿತ್ತು ಅನ್ನುವುದರ ಮೇಲೆ ರೆಕಾರ್ಡ್‌ನ ಆರೋಗ್ಯ ನಿಂತಿದೆ. ಕೆನ್ನಿ ರೋಜರ್ಸ್-ಡಾಲಿ ಪಾರ್ಟನ್ ಹಾಡಿದ 'ಐಲಂಡ್ಸ್ ಇನ್ ದ ಸ್ಟ್ರೀಮ್' ಮೊದಲ ಪ್ರತಿಯೇ ಹೊಸದರ ಹಾಗೆ ಬಂತು. ಹಿರಿಯರು ಜೋಪಾನವಾಗಿ ಇಟ್ಟಿರುತ್ತಾರೆ ಅಂತ ನನ್ನ ಊಹೆ. (ಹಾಡು ಬರೆದವರು ಬೀ ಜೀಸ್ ಅಂತ ನಮ್ಮ ಬಳಗದಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.) 'ಬಿಲ್ಲಿ ಜೀನ್' ಮಾತ್ರ ಪಾರ್ಟಿಗಳಲ್ಲಿ ಅರೆದುಹೋದ ಹಾಡು. ನಾಲ್ಕೋ ಐದೋ ಪ್ರತಿ ತಗೊಂಡ ಮೇಲೆ ಒಂದು ನೆಟ್ಟಗಿರುವುದು ಸಿಕ್ಕಿತು. ಪ್ಯಾಟಿ ಆಸ್ಟಿನ್, ಜೇಮ್ಸ್ ಇಂಗ್ರಮ್ ಅವರ 'ಬೇಬಿ, ಕಮ್ ಟು ಮಿ' ಕೊನೆಗೆ ಬಂದದ್ದು. ಬೆಲೆ ಜಾಸ್ತಿ ಅಂತಲ್ಲ, ಎಲ್ಲರೂ ಮರೆತ ಹಾಡು, ಡಬ್ಬದ ತಳದಲ್ಲಿರುತ್ತದೆ.

ಒಟ್ಟು ಲೆಕ್ಕ ಅಂದಾಜಿಗೆ ಹೀಗೆ: ಹೊಸ ದಾರಿಯಲ್ಲಿ ಸಿಂಗಲ್‌ಗಳಿಗೆ ಐದಾರು ಸಾವಿರ, ಅದರಲ್ಲಿ ಎಸೆದ ಪ್ರತಿಗಳೂ ಸೇರಿವೆ. ಆಲ್ಬಂಗಳಿಗೆ ಏಳು ಸಾವಿರದ ಒಳಗೆ. ಇಲ್ಲಿ ಒಬ್ಬ ಗೆಳೆಯ ಜಪಾನ್‌ನಲ್ಲಿ ಒತ್ತಿದ ಒಂದೇ ರೆಕಾರ್ಡ್‌ಗೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದಾನೆ.

"ಎಲ್‌ಪಿಯಲ್ಲೇ ಹಾಡಿದೆಯಲ್ಲ, ಸಿಂಗಲ್ ಯಾಕೆ?" ಅಂತ ಕೇಳುವವರಿಗೆ ನನ್ನ ಉತ್ತರ ಡೇವಿಡ್ ಬೋವಿ. 'ಲೆಟ್ಸ್ ಡ್ಯಾನ್ಸ್' ಆಲ್ಬಂನಲ್ಲಿ ಏಳೂವರೆ ನಿಮಿಷದ ಮೇಲಿದೆ. ಸಿಂಗಲ್‌ನಲ್ಲಿ ನಾಲ್ಕು ನಿಮಿಷ ಚಿಲ್ಲರೆ. ಬಾನಿ ಟೈಲರ್‌ಳ 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' ಏಳು ನಿಮಿಷದ್ದು ನಾಲ್ಕೂವರೆಗೆ ಇಳಿದಿದೆ. ಅಂದರೆ ನಂಬರ್ ಒನ್ ಆದ ಸಿಂಗಲ್ ಎಲ್‌ಪಿಯಲ್ಲಿ ಇಲ್ಲವೇ ಇಲ್ಲ, ಅಲ್ವಾ? ಇನ್ನು 'ಎವ್ರಿ ಬ್ರೆತ್' ಹಿಂಬದಿಯಲ್ಲಿ 'ಮರ್ಡರ್ ಬೈ ನಂಬರ್ಸ್' ಇದೆ. ಅದು ಆಗಿನ 'ಸಿಂಕ್ರೊನಿಸಿಟಿ' ಎಲ್‌ಪಿಯಲ್ಲಿ ಇರಲಿಲ್ಲ, ಕ್ಯಾಸೆಟ್ ಮತ್ತು ಸಿಡಿಗೆ ಮಾತ್ರ ಸೇರಿಸಿದ್ದರು. ಒಂದು ಡಾಲರ್‌ಗೆ ಅದೂ ಬಂತು.

ಅಮೆರಿಕದ ಸಿಂಗಲ್ ಅಂದ ಮೇಲೆ ನಡುವೆ ದೊಡ್ಡ ತೂತು, 38 ಮಿಲಿಮೀಟರ್. ಅದನ್ನು ತುಂಬೋಕೆ ಆನ್‌ಲೈನ್‌ನಲ್ಲಿ ಸಿಗೋ ಪ್ಲಾಸ್ಟಿಕ್ ಬಿಲ್ಲೆ (ಅಡಾಪ್ಟರ್) ಹಾಕಿದರೆ ರೆಕಾರ್ಡ್ ಒಂದು ಕೂದಲಷ್ಟು ಅಲ್ಲಾಡುತ್ತದೆ, ಪಿಯಾನೊ ಇದ್ದ ಕಡೆ ಶ್ರುತಿ ತೇಲುತ್ತದೆ. ಪೀಣ್ಯದ ಒಂದು ಲೇತ್ ಅಂಗಡಿಗೆ ಹೋಗಿ ಅಲ್ಯೂಮಿನಿಯಂ ತುಂಡಿನಲ್ಲಿ ಕಡೆಸಿದೆ. ಟರ್ನರ್ ವರ್ನಿಯರ್ ಹಿಡಿದು ಮೂರು ರೆಕಾರ್ಡ್‌ನ ತೂತು ಅಳೆದ, ಮೂರೂ ಒಂದೇ ಅಳತೆ ಇಲ್ಲ ಅಂತ ತೋರಿಸಿದ. ಸಣ್ಣದಕ್ಕೆ ಕೂರುವ ಹಾಗೆ ಅಂಚಿಗೆ ಚೂರು ಇಳಿಜಾರು ಕೊಟ್ಟ. ಇನ್ನೂರು ರೂಪಾಯಿ. ನನ್ನ ಸಲಕರಣೆಗಳಲ್ಲೇ ಅತಿ ಒಳ್ಳೆಯದು ಅದು.

ಇನ್ನೊಂದು ಸಂಗತಿ, ಅಲ್ಲಿನ ಎಷ್ಟೋ ಸಿಂಗಲ್‌ಗಳು ವಿನೈಲ್ ಅಲ್ಲ, ಸ್ಟೈರೀನ್ ಅನ್ನುವ ಗಡಸು ಪ್ಲಾಸ್ಟಿಕ್. ಬೆರಳಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ, ಬಗ್ಗುವುದಿಲ್ಲ. ಇದಕ್ಕೆ ಗುಂಡು ತುದಿಯ ಮುಳ್ಳೇ ಬೇಕು. ಡಿಜೆಗಳ ಹಾಗೆ ಹಿಂದಕ್ಕೆ ಮುಂದಕ್ಕೆ ತಿರುಗಿಸಿದರೆ ಹಾಡಿನ ಆರಂಭ ಸುಟ್ಟಂತೆ ಚರಚರ ಅನ್ನುತ್ತದೆ, ಆಮೇಲೆ ಯಾವ ದೇವರೂ ಸರಿಮಾಡಲಾರ.

ತೊಳೆಯೋಕೆ ನಾನು ಬಳಸುವುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅದಕ್ಕೆ ಎರಡು ಹನಿ ಮಕ್ಕಳ ಶಾಂಪೂ, ಮೆತ್ತನೆ ಬ್ರಷ್. ಮಧ್ಯದಲ್ಲಿ ಅಂಟುವಾಳಕಾಯಿ ನೀರಲ್ಲಿ ತೊಳೆದು ನೋಡಿದೆ. ರೇಷ್ಮೆ ಸೀರೆಗೆ ಆಗುತ್ತದೆ, ಇದಕ್ಕೆ ಯಾಕಾಗಬಾರದು ಅಂತ. ಕೊಳೆ ಹೋಯಿತು, ಆದರೆ ಗೆರೆಗಳೊಳಗೆ ಜಿಗುಟು ಉಳಿದು ಮುಳ್ಳಿನ ತುದಿಗೆ ಕಂದು ಉಂಡೆ ಕಟ್ಟಿತು. ಮರಗೆಲಸದ ಬಿಳಿ ಅಂಟು ಸವರಿ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಸುಲಿಯುವ ಉಪಾಯವೂ ಇದೆ. ಮೆನ್ ಅಟ್ ವರ್ಕ್ ತಂಡದ ಎಲ್‌ಪಿ ಮೇಲೆ ಮಾಡಿದೆ, ಅದ್ಭುತ. ಸುಲಿದ ಹಾಳೆಯ ಮೇಲೆ ಹಾಡಿನ ಗೆರೆಗಳೇ ಮೂಡಿದ್ದವು. ಆದರೆ ಒಣಗೋಕೆ ಇಡೀ ದಿನ, ಮಳೆಗಾಲದಲ್ಲಿ ಎರಡು ದಿನ. ಬಾಗಿದ ರೆಕಾರ್ಡ್‌ಗೆ ಎರಡು ಗಾಜಿನ ನಡುವೆ ಇಡೋದು ಎಲ್ಲರಿಗೂ ಗೊತ್ತು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದು ನನ್ನಲ್ಲೇ ಇರಲಿ.

'ಸಿಂಕ್ರೊನಿಸಿಟಿ' ನನ್ನನ್ನು ಕೆಲವು ತಿಂಗಳು ದಾರಿ ತಪ್ಪಿಸಿತು. ಅದರ ಕವರ್ ಮೇಲೆ ಹಳದಿ, ಕೆಂಪು, ನೀಲಿ ಪಟ್ಟಿಗಳಿವೆ ಅಲ್ವಾ, ಅವುಗಳ ಜೋಡಣೆ, ಒಳಗಿನ ಫೋಟೊ ಬೇರೆಬೇರೆ ಇರೋ ಕವರ್‌ಗಳು ಮೂವತ್ತಕ್ಕೂ ಮಿಕ್ಕಿ ಇವೆ. ನಾಲ್ಕು ಕೂಡಿಸಿದೆ. ಅದರಲ್ಲಿ ಒಂದನ್ನು ಬಲ್ಬ್‌ಗೆ ಎದುರಾಗಿ ಹಿಡಿದರೆ ಕಪ್ಪು ತಟ್ಟೆ ನೇರಳೆ ಬಣ್ಣಕ್ಕೆ ಹೊಳೆಯುತ್ತದೆ. ನಾಲ್ಕಕ್ಕೇ ನಿಲ್ಲಿಸಿದೆ, ಇಲ್ಲದಿದ್ದರೆ ಮನೆ ಮಾರಬೇಕಾಗುತ್ತಿತ್ತು. ಮೂರನ್ನು ಕೊಟ್ಟು ಕ್ವೈಟ್ ರಯಟ್‌ನ 'ಮೆಟಲ್ ಹೆಲ್ತ್' ತಗೊಂಡೆ. ಒಂದೇ ವಾರ, ನವೆಂಬರ್ 26ರ ಪಟ್ಟಿಯಲ್ಲಿ ಮೇಲಿದ್ದ ಆಲ್ಬಂ ಅದು. ಆ ಪಟ್ಟಿಯ ತುದಿ ಮುಟ್ಟಿದ ಮೊದಲ ಹೆವಿ ಮೆಟಲ್ ಆಲ್ಬಂ ಅಂತ ಹೆಸರು. ಕೇಳೋಕೆ ನನಗೆ ಕಷ್ಟ. ಆದರೆ ಪಟ್ಟಿ ಪಟ್ಟಿಯೇ.

ಎಲ್ಲ ಸೇರಿದ ಮೇಲೆ ಬಸವನಗುಡಿಯ ಗೆಳೆಯರೊಬ್ಬರ ಮಹಡಿ ಮೇಲೆ ತಾರೀಕಿನ ಕ್ರಮದಲ್ಲಿ ಹಾಕಿ ಕೇಳಿಸಿದೆ. ಇಪ್ಪತ್ತು-ಇಪ್ಪತ್ತೈದು ಜನ ಬಂದಿದ್ದರು. ಹಾಲ್ ಅಂಡ್ ಓಟ್ಸ್‌ನ 'ಮ್ಯಾನ್‌ಈಟರ್' ಹಿಂದಿನ ಡಿಸೆಂಬರ್‌ನಿಂದ ಉಳಿದುಬಂದದ್ದು, ಅದರಿಂದ ಶುರು. ಮೆನ್ ಅಟ್ ವರ್ಕ್‌ನ 'ಡೌನ್ ಅಂಡರ್' ಎರಡು ಸಲ ಹಾಕಿದೆ. ಮೂರು ವಾರ ಇದ್ದು, ಟೊಟೊದ 'ಆಫ್ರಿಕಾ'ಗೆ ಒಂದು ವಾರ ಜಾಗ ಬಿಟ್ಟು, ಮತ್ತೆ ಬಂದು ಕೂತ ಹಾಡು. 'ಬಿಲ್ಲಿ ಜೀನ್' ಆದ ಮೇಲೆ 'ಬೀಟ್ ಇಟ್' ಬರುತ್ತದೆ ಅಂತ ಎಲ್ಲರೂ ಕಾಯುತ್ತಿದ್ದರೆ, ನಡುವೆ ಒಂದೇ ವಾರಕ್ಕೆ ನುಸುಳಿದ 'ಕಮ್ ಆನ್ ಐಲೀನ್' ಬಂತು. ಅದನ್ನು ಹಾಡಿದ ಬರ್ಮಿಂಗ್‌ಹ್ಯಾಮ್‌ನ ತಂಡಕ್ಕೆ ಮೈಕಲ್ ಜಾಕ್ಸನ್‌ನನ್ನು ತಳ್ಳೋಕೆ ಹೇಗೆ ಸಾಧ್ಯವಾಯಿತು ಅಂತ ಅಲ್ಲೇ ಒಂದು ವಾದ ಎದ್ದಿತು. ಆಗ ಈಗಿನ ಹಾಗೆ ಬಾರ್‌ಕೋಡ್ ಲೆಕ್ಕ ಇಲ್ಲ, ಅದು ಬಂದದ್ದು 1991ರಲ್ಲಿ. ಅಂಗಡಿಯವರು, ರೇಡಿಯೊದವರು ಕೊಟ್ಟ ವರದಿ ಕೂಡಿಸಿ ಪಟ್ಟಿ ಮಾಡುತ್ತಿದ್ದರು. ಒಂದು ವಾರದ ನಂಬರ್ ಒನ್‌ಗಳ ಮೇಲೆ ನನಗೆ ಅನುಮಾನವೂ ಇದೆ, ಪ್ರೀತಿಯೂ ಇದೆ.

ಫೋನಲ್ಲೇ ಸಿಗುತ್ತಲ್ಲ ಅಂದಿದ್ದ ಗೆಳೆಯ ಕೊನೆಯವರೆಗೂ ಕೂತಿದ್ದ. ಆಮೇಲೆ ಲೇತ್ ಅಂಗಡಿ ವಿಳಾಸ ಕೇಳಿದ, ಕೊಟ್ಟೆ. ವ್ಯಾಪಾರಿಯ ಹೆಸರು ಕೇಳಿದ, ಕೊಡಲಿಲ್ಲ.

ಮುಂದೆ 1984. ಪಾಲ್ ಮೆಕಾರ್ಟ್ನಿ-ಜಾಕ್ಸನ್ ಜೋಡಿಯ 'ಸೇ ಸೇ ಸೇ' ಜನವರಿಗೂ ದಾಟಿದ್ದರಿಂದ ಮೊದಲ ಸಿಂಗಲ್ ಆಗಲೇ ಕೈಯಲ್ಲಿದೆ. ಆಲ್ಬಂಗಳಂತೂ ಇಡೀ ವರ್ಷಕ್ಕೆ ಐದೇ, ಅದರಲ್ಲಿ 'ಥ್ರಿಲ್ಲರ್' ಇದೆ. 'ಫುಟ್‌ಲೂಸ್', 'ಬಾರ್ನ್ ಇನ್ ದ ಯುಎಸ್‌ಎ', 'ಪರ್ಪಲ್ ರೇನ್' ಮೂರಕ್ಕೂ ಅಕ್ಕನ ಮಗನಿಗೆ ಆರ್ಡರ್ ಹೋಗಿದೆ. ಹ್ಯೂಯಿ ಲೂಯಿಸ್‌ನ 'ಸ್ಪೋರ್ಟ್ಸ್' ಒಂದು ಬಾಕಿ. ನಿಮ್ಮಲ್ಲಿ ಯಾರ ಹತ್ತಿರವಾದರೂ ಗೀರಿಲ್ಲದ್ದು ಇದ್ದರೆ ಹೇಳಿ, ಎಂಟುನೂರರವರೆಗೆ ಕೊಡುತ್ತೇನೆ.