ಅಜ್ಜಿಯ ಜೀನು, ಲಗಾಮು, ಲಾಳ: ಕಾಪಾಡಿಕೊಳ್ಳುವ ಬಗೆ

ನಮ್ಮ ಅಜ್ಜಿ ಒಡವೆ ಬಿಟ್ಟು ಹೋಗಲಿಲ್ಲ. ಕುದುರೆಗೆ ಹಾಕುವ ಚರ್ಮದ ಜೀನು, ಲಗಾಮು, ತುಕ್ಕು ಹಿಡಿದ ಲಾಳ, ಡಬ್ಬದ ತುಂಬ ಫೋಟೊ: ಅಷ್ಟೇ ಆಸ್ತಿ. ನಿಮ್ಮ ಪಾಲಿಗೂ ಇಂಥದ್ದು ಬಂದಿದ್ದರೆ ಮೊದಲು ಚರ್ಮವನ್ನು ನೋಡಿಕೊಳ್ಳಿ, ಅದು ಕಾಯುವುದಿಲ್ಲ.

ಬಕಲ್‌ಗಳನ್ನೆಲ್ಲ ಬಿಚ್ಚಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಈ ಕೆಲಸ ಮನೆಯ ಹೊರಗೆ. ಚೆನ್ನಾಗಿ ಹಿಂಡಿದ ಬಟ್ಟೆಗೆ ಚರ್ಮದ ಸಾಮಾನಿಗೆಂದೇ ಇರುವ ಸೋಪು ಹಚ್ಚಿ ಒರೆಸಿ, ನೆರಳಿನಲ್ಲೇ ಒಣಗಿಸಿ. ಬಿಸಿಲಿಗೆ ಚರ್ಮ ಬಿರಿಯುತ್ತದೆ. ಬಳಿಕ ಅಂಥದ್ದೇ ಕಂಡೀಷನರ್ ತೆಳುವಾಗಿ ಸವರಿ. ಎಣ್ಣೆ ಸುರಿಯುವುದು ಪ್ರೀತಿಯಲ್ಲ. ಚರ್ಮ ಸಡಿಲವಾಗಿ ಹೊಲಿಗೆಯೂ ಹಾಳಾಗುತ್ತದೆ. ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಹೊದಿಸಿ.

ಎಡಗಡೆಯ ರಿಕಾಪಿನ (ಸವಾರರು ಕಾಲಿಡುವ ಬಳೆಯ) ಪಟ್ಟಿ ಬಲಗಡೆಯದಕ್ಕಿಂತ ಉದ್ದವಿದೆಯೇ? ಕತ್ತರಿಸಿ ಸರಿಮಾಡಬೇಡಿ. ಕುದುರೆಯನ್ನು ಎಡಗಡೆಯಿಂದ ಏರುವುದು ರೂಢಿ. ಆ ಪಟ್ಟಿಯನ್ನು ಹಿಗ್ಗಿಸಿದ್ದು ಅಜ್ಜಿಯ ತೂಕ.

ಲಾಳವನ್ನು ತಂತಿ ಬ್ರಷ್‌ನಿಂದ ಉಜ್ಜಿ ಮೇಣ ಸವರಿದರೆ ಮುಗಿಯಿತು.

ಫೋಟೊಗಳ ಹಿಂಬದಿಯಲ್ಲಿ ಮೆದು ಪೆನ್ಸಿಲ್‌ನಿಂದ ವಿವರ ಬರೆಯಿರಿ, ಪೆನ್ನಿನ ಶಾಯಿ ಇಳಿಯುತ್ತದೆ. ಯಾವ ಕುದುರೆ ಎಂದು ತಿಳಿಯದಿದ್ದರೆ ಹಣೆಯ ಚುಕ್ಕೆ, ಕಾಲಿನ ಬಿಳುಪನ್ನು ಹೋಲಿಸಿ ನೋಡಿ. ಆದರೆ ಬೂದು ಕುದುರೆ ವಯಸ್ಸಾದಂತೆ ಬೆಳ್ಳಗಾಗುತ್ತದೆ. ನಮ್ಮ ಚಿಕ್ಕಪ್ಪ ಎರಡು ಎಂದು ವಾದಿಸುತ್ತಿದ್ದದ್ದು ಒಂದೇ ಕುದುರೆ!

ಹಿರಿಯರನ್ನು “ಅಜ್ಜಿ ಹೇಗಿದ್ದರು?” ಎಂದು ಕೇಳಿದರೆ “ಒಳ್ಳೆಯವರು” ಎಂಬ ಉತ್ತರ ಬರುತ್ತದೆ. “ಬೆಳಗ್ಗೆ ಲಾಯಕ್ಕೆ ಹೋದರೆ ಮೊದಲು ಏನು ಮಾಡುತ್ತಿದ್ದರು? ಮೊಂಡು ಹಿಡಿದ ಕುದುರೆಯನ್ನು ಹೇಗೆ ಬೈಯುತ್ತಿದ್ದರು?” ಎಂದು ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಬೈಗುಳವನ್ನೂ ಅಳಿಸಬೇಡಿ.