ಒಂದು ವಾರ, ಒಂದೇ ಉಪ್ಪು: ಶಾಲೆಯಲ್ಲಿ ಕೈಯಾರೆ ಕಲಿಯುವ ವಾರ ನಡೆಸೋದು ಹೇಗೆ

ಚಟುವಟಿಕೆ ವಾರ ಅಂದ ಕೂಡಲೇ ಬಹಳ ಶಾಲೆಗಳಲ್ಲಿ ಸೋಮವಾರ ಮಣ್ಣಿನ ಗೊಂಬೆ, ಮಂಗಳವಾರ ಕಾಗದದ ಹೂವು, ಬುಧವಾರ ಅಡುಗೆ ಅಂತ ಪಟ್ಟಿ ತಯಾರಾಗುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ಸೋಮವಾರ ಎದ್ದ ಪ್ರಶ್ನೆಗೆ ಮಂಗಳವಾರ ಜಾಗವೇ ಇರುವುದಿಲ್ಲ. ಊರಿನದೇ ಒಂದು ವಸ್ತು ಹಿಡಿದು ಇಡೀ ವಾರ ಅದರ ಬೆನ್ನು ಹತ್ತಿ. ಗಣಿತ, ವಿಜ್ಞಾನ, ಚರಿತ್ರೆ ತಾವಾಗಿಯೇ ಬಂದು ಸೇರುತ್ತವೆ.

ನಾನು ಕುಮಟಾ ಕಡೆಯ ಸರ್ಕಾರಿ ಶಾಲೆಯೊಂದರ ಅಕ್ಕೋರು, ಅಂದರೆ ಶಿಕ್ಷಕಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ, ಅಂದರೆ ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಬಯಲು, ಇದೆ. ಹಾಗಾಗಿ ನಾವು ಹಿಡಿಯುವುದು ಉಪ್ಪನ್ನೇ. ಜನವರಿ ಕೊನೆ ಅಥವಾ ಫೆಬ್ರವರಿ ಒಳ್ಳೆ ಸಮಯ. ಬಿಸಿಲು ಗಟ್ಟಿ ಇರುತ್ತದೆ, ಪರೀಕ್ಷೆ ಇನ್ನೂ ದೂರ. 6 ಮತ್ತು 7ನೇ ತರಗತಿಯವರಿಗೆ ಇದು ಸರಿಹೊಂದುತ್ತದೆ. ಪಾಠ ಹಿಂದೆ ಬೀಳುತ್ತದೆ ಅಂತ ಯಾರಾದರೂ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ 2020 ತೋರಿಸಿ. 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗಿಲ್ಲದೆ, ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕು ಅಂತ ಅದರಲ್ಲೇ ಇದೆ. ಪಾಲಕರ ಒಪ್ಪಿಗೆ ಪತ್ರ, ಆಗರದವರ ಅನುಮತಿ ಎರಡನ್ನೂ ಮೊದಲೇ ಪಡೆದುಕೊಳ್ಳಿ.

ಸೋಮವಾರ ನೀರು ತರುವ ಕೆಲಸ. ನದಿ ಸೇರುವ ಅಳಿವೆಯ ನೀರು ಬೇಡ, ಅದರಲ್ಲಿ ಸಿಹಿನೀರು ಬೆರೆತಿರುತ್ತದೆ. ತೆರೆದ ದಂಡೆಯಲ್ಲಿ ದೊಡ್ಡವರು ನೀರಿಗಿಳಿದು ತುಂಬಿಕೊಡಲಿ. ಶಾಲೆಗೆ ತಂದು ಹತ್ತಿ ಬಟ್ಟೆಯಲ್ಲಿ ಸೋಸಿ. ಅವತ್ತೇ ಒಂದು ಲೋಟ ನೀರನ್ನು ಅಗಲ ತಟ್ಟೆಗೆ, ಇನ್ನೊಂದು ಲೋಟವನ್ನು ಚೊಂಬಿಗೆ ಹಾಕಿ ಬಿಸಿಲಿಗಿಡಿ. ಆಗರದ ಪಾತಿಗಳಲ್ಲಿ ನೀರನ್ನು ಯಾಕೆ ಅಷ್ಟು ತೆಳ್ಳಗೆ ಹರಡಿ ನಿಲ್ಲಿಸುತ್ತಾರೆ ಅನ್ನೋದಕ್ಕೆ ಬೇರೆ ಪಾಠ ಬೇಡ. ವಾರದೊಳಗೆ ತಟ್ಟೆಯೇ ಹೇಳುತ್ತದೆ. ಬಿಸಿಯೂಟದ ಅಕ್ಕನ ಹತ್ತಿರ ಎರಡು ಬಾಟಲಿಯಲ್ಲಿ ನೆಲ್ಲಿಕಾಯಿ ಹಾಕಿಸಿ, ಒಂದಕ್ಕೆ ಗಟ್ಟಿ ಉಪ್ಪುನೀರು, ಇನ್ನೊಂದಕ್ಕೆ ಬರೀ ನೀರು. ದಿನಾ ನೋಡಿ ಬರೆದಿಡಲಿ.

ಮಂಗಳವಾರ ಒಲೆ. ವಾರದಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಒಂದು ಲೀಟರ್ ಸೋಸಿದ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಅಲ್ಯೂಮಿನಿಯಂ ಬೇಡ, ಉಪ್ಪು ಅದನ್ನು ತಿನ್ನುತ್ತದೆ. ಒಲೆ ಹತ್ತಿರ ಶಿಕ್ಷಕರು, ಮಕ್ಕಳು ಗೆರೆ ಎಳೆದ ಆಚೆ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನಮ್ಮ ಅಡುಗೆ ಉಪ್ಪು. ನೀರು 200 ಮಿಲಿಗೆ ಇಳಿಯುವಾಗ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. "ಅಕ್ಕೋರೇ, ಉಪ್ಪು ಬಂತು!" ಅಂತ ಕೂಗುತ್ತಾರೆ. ಅದು ಅಡುಗೆ ಉಪ್ಪಲ್ಲ, ಜಿಪ್ಸಮ್ ಅನ್ನೋ ಬೇರೆ ಲವಣ. ತಣಿಸಿ, ಬಟ್ಟೆಯಲ್ಲಿ ಸೋಸಿ ಮತ್ತೆ ಒಲೆಗಿಡಿ. ನೂರು ಮಿಲಿಗಿಂತ ಕೆಳಗೆ ಬಂದ ಮೇಲೆ ನಿಜವಾದ ಉಪ್ಪು ಬೀಳಲು ಶುರು. ಉರಿ ಸಣ್ಣ ಮಾಡಿ, ಇಲ್ಲದಿದ್ದರೆ ಸಿಡಿಯುತ್ತದೆ. ಪೂರ್ತಿ ಒಣಗಿಸಬೇಡಿ. ಎರಡು ಚಮಚದಷ್ಟು ನೀರು ಉಳಿದಾಗ ಇಳಿಸಿ, ಅದನ್ನು ಬಸಿದುಬಿಡಿ. ಆ ನೀರಿನ ಒಂದು ಹನಿಯನ್ನು ನೀವೇ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ. ಮೆಗ್ನೀಸಿಯಂ ಲವಣಗಳೆಲ್ಲ ಅದರಲ್ಲೇ ಉಳಿದಿರುತ್ತವೆ.

ಬಸಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಸಣ್ಣ ಪುಡಿ. ಸ್ವಲ್ಪ ಗಟ್ಟಿ ಉಪ್ಪುನೀರನ್ನು ಕುದಿಸದೆ ನೆರಳಿನಲ್ಲಿ ಸುಮ್ನೆ ಬಿಡಿ. ನಿಧಾನವಾಗಿ ಆರಿದಷ್ಟೂ ಹರಳು ದೊಡ್ಡದು. ಭೂತಗನ್ನಡಿ ಹಿಡಿದರೆ ಪ್ರತಿ ಹರಳೂ ಚೌಕ. ಕೆಲವು ಹರಳುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿದ ಗುಂಡಿ, ನಮ್ಮ ಕಲ್ಯಾಣಿಯ ಹಾಗೆ. ನೋಡಿದ್ದನ್ನು ಅಲ್ಲೇ ಚಿತ್ರ ಬರೆಯಲಿ.

ಬುಧವಾರ ಆಗರಕ್ಕೆ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವ ಮೊದಲು ವಾಪಸ್ಸಾಗಿ. ಪ್ರಶ್ನೆಗಳನ್ನು ಮಕ್ಕಳೇ ಬರೆದುಕೊಂಡು ಬರಲಿ. "ಅಜ್ಜಾ, ನಡುವೆ ಮಳೆ ಬಿದ್ರೆ ಎಂತ ಮಾಡ್ತ್ರಿ?" ಅನ್ನೋ ಪ್ರಶ್ನೆ ನಾವು ದೊಡ್ಡವರು ಕೇಳುವ ಹತ್ತು ಪ್ರಶ್ನೆಗಿಂತ ಮೇಲು. ಒಂದು ಆಲೂಗಡ್ಡೆ ಜೊತೆಗಿರಲಿ. ಸಮುದ್ರದ ನೀರಲ್ಲಿ ಅದು ಮುಳುಗುತ್ತದೆ, ಪಾತಿಯ ಗಟ್ಟಿ ನೀರನ್ನು ಬಕೆಟ್ಟಿಗೆ ತೆಗೆದು ಹಾಕಿದರೆ ತೇಲುತ್ತದೆ. ಸಾಂದ್ರತೆ ಅನ್ನೋ ಶಬ್ದ ಆಮೇಲೆ ಹೇಳಿದರೆ ಸಾಕು.

ಗುರುವಾರ ಲೆಕ್ಕ. ಒಂದು ಕಿಲೋ ಲವಣಕ್ಕೆ ಎಷ್ಟು ಲೀಟರ್ ಬೇಕು? ಸುಮಾರು 29 ಅಂತ ಅವರೇ ಕಂಡುಹಿಡಿಯುತ್ತಾರೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಮ್ಮ ಮನೆಗೆ ತಿಂಗಳಿಗೆ ಎಷ್ಟು ತರುತ್ತಾರೆ ಅಂತ ಕೇಳಿಕೊಂಡು ಬರಲಿ. ಹಪ್ಪಳ, ಒಣಮೀನು, ಉಪ್ಪಿನಕಾಯಿಯ ಚರ್ಚೆ ತಾನಾಗಿ ಏಳುತ್ತದೆ.

ಶುಕ್ರವಾರ ಚರಿತ್ರೆ. 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಗಾಂಧೀಜಿ ಉಪ್ಪಿನ ಕಾನೂನು ಮುರಿದರು. ಅದೇ ಏಪ್ರಿಲ್ 13ಕ್ಕೆ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಮ್ಮ ಅಂಕೋಲೆಯ ಜನರೂ ಅದೇ ಕಾನೂನನ್ನು ಮುರಿದರು. ಮಂಗಳವಾರ ತಾವೇ ಉಪ್ಪು ತೆಗೆದ ಮಕ್ಕಳಿಗೆ, ಇದು ಕೂಡ ಒಂದು ಕಾಲಕ್ಕೆ ಅಪರಾಧವಾಗಿತ್ತು ಅಂದರೆ ತಕ್ಷಣ ತಟ್ಟುತ್ತದೆ. ನೆಲ್ಲಿಕಾಯಿ ಬಾಟಲಿಗಳನ್ನೂ ಅವತ್ತೇ ತೆರೆಯಿರಿ. ಬರೀ ನೀರಿನದು ಕೆಟ್ಟ ವಾಸನೆ ಬಂದಿದ್ದರೆ ಮೂಸಿ ಚೆಲ್ಲಿ. ಯಾರೂ ರುಚಿ ನೋಡುವುದು ಬೇಡ.

ಶನಿವಾರ ವೇದಿಕೆ, ಹಾರ, ಭಾಷಣ ಬೇಡವೇ ಬೇಡ. ಅತಿಥಿಗಳಿಗಾಗಿ ಚಾರ್ಟ್ ಬರೆಸಲು ಹೊರಟರೆ ಗುರುವಾರದಿಂದಲೇ ಕಲಿಕೆ ನಿಲ್ಲುತ್ತದೆ. ಪಾಲಕರನ್ನು ಸುಮ್ನೆ ಕರೆಯಿರಿ. ಹರಳು, ಆಲೂಗಡ್ಡೆ, ತಟ್ಟೆ-ಚೊಂಬು ಮುಂದಿಟ್ಟುಕೊಂಡು ಮಕ್ಕಳೇ ಅವರಿಗೆ ಕಲಿಸಲಿ.

ಘಟ್ಟದ ಮೇಲೆ ಶಿರಸಿ ಕಡೆಯವರು ಇದೇ ರೀತಿ ಅಡಿಕೆ ಹಿಡಿಯಬಹುದು. ಹಸಿ ಅಡಿಕೆ ತೂಗಿ, ಬೇಯಿಸಿ, ಒಣಹಾಕಿ, ತೂಕ ಇಳಿಯೋದು ನಿಲ್ಲುವ ತನಕ ದಿನಾ ತೂಗಿ ಬರೆಯಲಿ. ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರಿನಲ್ಲಿ, ಬಟ್ಟೆ ಅದ್ದಿದರೆ ಬಣ್ಣದ ಪಾಠವೂ ಆಯಿತು. ಸುಲಿಯುವ ಮೆಟ್ಟುಗತ್ತಿ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.